ಪಾಲು ಸಂಪರ್ಕಕ್ಕಲ್ಲ, ಸಾಧನಕ್ಕೆ: ಒಂದು ವಾಚನಾಲಯದ ಬ್ಯಾಂಡ್‌ವಿಡ್ತ್ ಹಂಚಿಕೆ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರ ವಾಚನಾಲಯವೊಂದರ ನೆಟ್‌ವರ್ಕನ್ನು ನಾನು ನೋಡಿಕೊಳ್ಳುತ್ತೇನೆ. ಇರುವುದು 50 ಎಂಬಿಪಿಎಸ್‌ನ ಒಂದೇ ಫೈಬರ್ ಲೈನ್. ಯಾರಾದರೊಬ್ಬರು ಒಂದೇ ಫೈಲಿಗೆ ಹಲವು ಸಂಪರ್ಕ ತೆರೆಯುವ ಡೌನ್‌ಲೋಡ್ ಮ್ಯಾನೇಜರ್ ಹಚ್ಚಿದರೆ ಸಾಕು, ಉಳಿದವರ ಆನ್‌ಲೈನ್ ತರಗತಿಗಳು ತಡವರಿಸುತ್ತಿದ್ದವು. ಪ್ಲ್ಯಾನ್ ದೊಡ್ಡದು ಮಾಡಿಸಿರೆಂದು ಹಲವರು ಹೇಳಿದರು. ಆದರೆ ಬಂದ ಕ್ರಮದಲ್ಲೇ ಪ್ಯಾಕೆಟ್ (ದತ್ತಾಂಶದ ಚಿಕ್ಕ ತುಣುಕು) ಸಾಗಿಸುವ ಒಂಟಿ ಸಾಲಿನಲ್ಲಿ ಹೆಚ್ಚು ತುರುಕಿದವರಿಗೇ ಹೆಚ್ಚು ಪಾಲು ಸಿಗುವುದರಿಂದ, ವೇಗ ಏರಿಸಿದರೂ ಆ ಅಸಮತೆ ಉಳಿದೇ ಇರುತ್ತದೆ.

ರೌಟರಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶ ಹಾಕಿ, ಮೊದಲು ಅದರಲ್ಲಿನ ಎಫ್‌ಕ್ಯೂ-ಕೋಡೆಲ್ ಎಂಬ ಸಾಲು ನಿರ್ವಹಣೆಯ ವಿಧಾನ ಬಳಸಿದೆ. ಅದು ವಿಳಾಸ ಮತ್ತು ಪೋರ್ಟ್‌ಗಳಿಂದ ಪ್ರತಿ ಸಂಪರ್ಕವನ್ನೂ ಗುರುತಿಸಿ 1024 ಸಾಲುಗಳಲ್ಲಿ ಹಂಚುತ್ತದೆ, ಸರದಿಯಂತೆ ಪ್ರತಿ ಸಾಲಿಗೂ ಸಮನಾದ ಬೈಟ್‌ಗಳ ಅವಕಾಶ ಕೊಡುತ್ತದೆ, ಕಾಯುವಿಕೆ 5 ಮಿಲಿಸೆಕೆಂಡ್ ಮೀರಿ ಹಾಗೆಯೇ ನಿಂತರೆ ಪ್ಯಾಕೆಟ್‌ಗಳನ್ನು ಕೈಬಿಟ್ಟು ಕಳುಹಿಸುವವರ ವೇಗ ತಗ್ಗಿಸುತ್ತದೆ. ವಿಳಂಬವೇನೋ ಇಳಿಯಿತು. ಆದರೆ 19 ಮಂದಿ ಒಂದೊಂದು ಸಂಪರ್ಕ ತೆರೆದು, ಇನ್ನೊಬ್ಬರ ಡೌನ್‌ಲೋಡ್ ಮ್ಯಾನೇಜರ್ 16 ತೆರೆದರೆ, 35ರಲ್ಲಿ 16 ಪಾಲು ಅವರೊಬ್ಬರಿಗೇ ಹೋಗುತ್ತದೆ. 1985ರಲ್ಲಿ ಕಂಪ್ಯೂಟರ್ ಜಾಲಗಳ ತಜ್ಞ ಜಾನ್ ನೇಗಲ್ ಸೂಚಿಸಿದ್ದು ಕಳುಹಿಸುವ ಪ್ರತಿ ಕಂಪ್ಯೂಟರಿಗೆ ಒಂದು ಸಾಲೆಂದು. ಅಲ್ಲಿ ಪ್ಯಾಕೆಟ್‌ಗಳನ್ನಷ್ಟೇ ಎಣಿಸುತ್ತಿದ್ದುದರಿಂದ ದೊಡ್ಡ ಪ್ಯಾಕೆಟ್‌ನವರಿಗೆ ಲಾಭವಿತ್ತು, ಅದನ್ನು 1989ರಲ್ಲಿ ಡೆಮರ್ಸ್, ಕೇಶವ್ ಮತ್ತು ಶೆಂಕರ್ ಬಿಟ್‌ಗಳ ಲೆಕ್ಕದಿಂದ ಸರಿಪಡಿಸಿದರು. ನಮಗೆ ಬೇಕಿದ್ದುದು ನೇಗಲ್ ಅವರ ಆ ಹಳೆಯ ಘಟಕವೇ, ಅಂದರೆ ಸಂಪರ್ಕವಲ್ಲ, ಕಂಪ್ಯೂಟರು.

ಅದನ್ನು ಕೊಟ್ಟದ್ದು, 2018ರಲ್ಲಿ ಲಿನಕ್ಸ್ ಕರ್ನಲ್ 4.19ಕ್ಕೆ ಸೇರಿದ ಕೇಕ್ ಎಂಬ ಇನ್ನೊಂದು ಸಾಲು ನಿರ್ವಹಣೆಯ ವಿಧಾನ. ಡೌನ್‌ಲೋಡ್ ಕಡೆಗೆ ಡ್ಯುಯಲ್-ಡಿಎಸ್‌ಟಿಹೋಸ್ಟ್, ಅಪ್‌ಲೋಡ್ ಕಡೆಗೆ ಡ್ಯುಯಲ್-ಎಸ್‌ಆರ್‌ಸಿಹೋಸ್ಟ್ ಎಂಬ ಆಯ್ಕೆಗಳನ್ನು ಕೊಟ್ಟರೆ ಮೊದಲು ಸಾಧನಗಳ ನಡುವೆ, ಆಮೇಲೆ ಒಂದೊಂದು ಸಾಧನದ ಸಂಪರ್ಕಗಳ ನಡುವೆ ಹಂಚಿಕೆಯಾಗುತ್ತದೆ. ಯಾರೋ ಬಳಸದೆ ಬಿಟ್ಟ ಪಾಲು ವ್ಯರ್ಥವಾಗದೆ ಬೇಕಾದವರಿಗೆ ಸಲ್ಲುತ್ತದೆ. ರೌಟರು ವಿಳಾಸ ಬದಲಿಸುವ ಮುಂಚಿನ ಒಳವಿಳಾಸವನ್ನು ನೋಡುವ ‘ನ್ಯಾಟ್’ ಆಯ್ಕೆಯನ್ನು ಮಾತ್ರ ಮರೆಯಬಾರದು. ಅದಿಲ್ಲದಿದ್ದರೆ ಕೇಕ್‌ಗೆ ಒಳಗಿನ ಸಾಧನಗಳೆಲ್ಲ ರೌಟರಿನ ಒಂದೇ ಹೊರವಿಳಾಸವಾಗಿ ಕಾಣುತ್ತವೆ.

ಇಷ್ಟಾದರೂ, ದಟ್ಟಣೆ ಸೇವಾದಾತರ ಉಪಕರಣದಲ್ಲಿ ಆಗುತ್ತಿದ್ದರೆ ನಮ್ಮ ಸಾಲುಗಳೆಲ್ಲ ಖಾಲಿಯಾಗಿಯೇ ಇರುತ್ತವೆ. ಆದ್ದರಿಂದ ಮಿತಿಯನ್ನು 45 ಎಂಬಿಪಿಎಸ್‌ಗೆ ಇಳಿಸಿ ಇಕ್ಕಟ್ಟನ್ನು ನಮ್ಮ ರೌಟರಿಗೇ ಎಳೆದುಕೊಂಡೆ. ಸ್ಪೀಡ್ ಟೆಸ್ಟ್ ನೋಡಿ ಐದು ಎಂಬಿಪಿಎಸ್ ಎಲ್ಲಿ ಹೋಯಿತೆಂದು ಕೇಳುವವರು ಈಗಲೂ ಇದ್ದಾರೆ. ಪ್ಯಾಕೆಟ್ ಸಾಗಣೆಯನ್ನು ನೇರವಾಗಿ ಚಿಪ್‌ಗೇ ಒಪ್ಪಿಸುವ ಹಾರ್ಡ್‌ವೇರ್ ಆಫ್‌ಲೋಡಿಂಗನ್ನೂ ನಿಲ್ಲಿಸಿದೆ. ಇಲ್ಲದಿದ್ದರೆ ಪ್ಯಾಕೆಟ್‌ಗಳು ಕೇಕ್‌ನ ಕಣ್ಣು ತಪ್ಪಿಸಿ ಹೋಗುತ್ತವೆ.

ಮೊಬೈಲು, ಲ್ಯಾಪ್‌ಟಾಪು ಎರಡನ್ನೂ ಜೋಡಿಸಿದವರಿಗೆ ಎರಡು ಪಾಲು ಸಿಗುತ್ತದೆ. ಅದನ್ನು ತಡೆಯಲು ಪ್ರತಿಯೊಬ್ಬರಿಗೂ ಲಾಗಿನ್ ಇಡಬೇಕಾಗುತ್ತದೆ. ಅಷ್ಟು ಬಿಗಿ ಇಲ್ಲಿಗೆ ಬೇಡವೆನಿಸಿ ಹಾಗೆಯೇ ಬಿಟ್ಟಿದ್ದೇನೆ.