ಬಾಯಿ ಮುಚ್ಚಿಸಿದ ದುಡ್ಡಿನ ಕೇಸನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

2024ರ ಮೇ 30ರಂದು, ನಟಿಯೊಬ್ಬರ ಬಾಯಿ ಮುಚ್ಚಿಸಲು ಕೊಟ್ಟ ದುಡ್ಡಿನ ಕೇಸಿನಲ್ಲಿ, ನ್ಯೂಯಾರ್ಕಿನ ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡ) ಡೊನಾಲ್ಡ್ ಟ್ರಂಪ್ ಅವರನ್ನು 34 ಆರೋಪಗಳಲ್ಲೂ ತಪ್ಪಿತಸ್ಥ ಎಂದಿತು. ಮರುದಿನ ಬೆಳಗ್ಗೆ ಟೀವಿ ಮುಂದೆ ಕೂತಿದ್ದ ನಮ್ಮ ಅತ್ತೆ ಕೇಳಿದರು: “ದುಡ್ಡು ಅವನದು. ಇಸ್ಕೊಂಡವಳು ಒಪ್ಪಿಯೇ ಇಸ್ಕೊಂಡಿದ್ದಾಳೆ. ನಡುವೆ ಕೋರ್ಟಿಗೇನು ಕೆಲಸ?”

ಪ್ರಶ್ನೆ ಸರಿಯಾಗಿಯೇ ಇತ್ತು. ಅಮೆರಿಕದಲ್ಲಿ ದುಡ್ಡು ಕೊಟ್ಟು ಒಬ್ಬರನ್ನು ಸುಮ್ಮನಿರಿಸುವುದು ತನ್ನಷ್ಟಕ್ಕೆ ಅಪರಾಧವಲ್ಲ. ಕಂಪನಿಗಳು, ಶ್ರೀಮಂತರು ಇಂಥ ಒಪ್ಪಂದ ಮಾಡಿಕೊಳ್ಳುತ್ತಲೇ ಇರುತ್ತಾರೆ. ಹಾಗಾದರೆ ತಪ್ಪು ಎಲ್ಲಿ ಹುಟ್ಟಿತು? ಒಂದು ಹಾಳೆ, ಪೆನ್ನು ತೆಗೆದುಕೊಳ್ಳಿ. ಅಂದು ಅತ್ತೆಗೆ ಹೇಳಿದ ಹಾಗೆಯೇ ಇಲ್ಲೂ ಹೇಳುತ್ತೇನೆ.

ಹೆಜ್ಜೆ 1: ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಯಿತು?

ಮೊದಲು ಹೆಸರುಗಳನ್ನು ಬರೆದು ನಡುವೆ ಬಾಣ ಹಾಕಿ. ಟ್ರಂಪ್ ಜೊತೆ ತನಗೆ ಸಂಬಂಧವಿತ್ತು ಎಂದವರು ವಯಸ್ಕರ ಚಿತ್ರಗಳ ನಟಿ ಸ್ಟಾರ್ಮಿ ಡೇನಿಯಲ್ಸ್. ಟ್ರಂಪ್ ಇದನ್ನು ಅಲ್ಲಗಳೆದಿದ್ದಾರೆ. ಆಕೆಗೆ ಸಿಕ್ಕಿದ್ದು 1,30,000 ಡಾಲರ್. ಅದು ಟ್ರಂಪ್ ಖಾತೆಯಿಂದ ನೇರವಾಗಿ ಹೋಗಲಿಲ್ಲ. ಅವರ ವಕೀಲ ಮೈಕಲ್ ಕೊಹೆನ್ ತನ್ನ ಮನೆಯ ಮೇಲಿನ ಸಾಲದಿಂದ ದುಡ್ಡು ಎತ್ತಿದರು. ಎಸೆನ್ಷಿಯಲ್ ಕನ್ಸಲ್ಟೆಂಟ್ಸ್ ಎಂಬ ಹೊಸ ಕಂಪನಿ ತೆರೆದು, ಅದರ ಖಾತೆಯಿಂದ ಆಕೆಯ ವಕೀಲರಿಗೆ ಕಳಿಸಿದರು. ಒಂದೇ ಪಾವತಿಗೆ ಇಷ್ಟು ಸುತ್ತು. ಬಾಣ ಹೀಗೆ ಬಳಸಿಕೊಂಡು ಹೋದ ಕಡೆಯಲ್ಲೆಲ್ಲ ಒಂದು ಪ್ರಶ್ನೆ ಚಿಹ್ನೆ ಹಾಕಿಡಿ.

ಹೆಜ್ಜೆ 2: ತಾರೀಕು ಪಕ್ಕದಲ್ಲಿಡಿ

ದುಡ್ಡು ಹೋಗಿದ್ದು 2016ರ ಅಕ್ಟೋಬರ್ 27ಕ್ಕೆ. ಅಧ್ಯಕ್ಷ ಚುನಾವಣೆ ನವೆಂಬರ್ 8ಕ್ಕೆ. ನಡುವೆ 12 ದಿನ. ಹೆಂಗಸರ ಬಗ್ಗೆ ಟ್ರಂಪ್ ಕೀಳಾಗಿ ಮಾತಾಡಿದ್ದ ಹಳೆಯ ವಿಡಿಯೊ ಹೊರಬಂದಿದ್ದು ಅದೇ ಅಕ್ಟೋಬರ್ 7ಕ್ಕೆ. ತಾರೀಕೊಂದೇ ಏನನ್ನೂ ಸಾಬೀತು ಮಾಡುವುದಿಲ್ಲ, ನಿಜ. ಆದರೆ ಮುಂದಿನ ಹೆಜ್ಜೆಗೆ ಅದು ಬೇಕು.

ಹೆಜ್ಜೆ 3: ಇದು ದೇಣಿಗೆಯಾ, ಸ್ವಂತ ಖರ್ಚಾ?

ಹೆಚ್ಚಿನವರು ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಹೋಗೋಣ.

ನಮ್ಮಲ್ಲಿ ಮಿತಿ ಇರುವುದು ಅಭ್ಯರ್ಥಿಯ ಖರ್ಚಿನ ಮೇಲೆ. ಕರ್ನಾಟಕದಲ್ಲಿ ಲೋಕಸಭೆಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷ ರೂಪಾಯಿ. ಅಮೆರಿಕದಲ್ಲಿ ಸಾಮಾನ್ಯವಾಗಿ ಖರ್ಚಿಗೆ ಮಿತಿ ಇಲ್ಲ, ದೇಣಿಗೆಗೆ ಇದೆ. 2016ರಲ್ಲಿ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಯಲ್ಲಿ ಕೊಡಬಹುದಾಗಿದ್ದು 2,700 ಡಾಲರ್ ಮಾತ್ರ. ಕಂಪನಿಗಳು ಅಭ್ಯರ್ಥಿಗೆ ನೇರವಾಗಿ ಕೊಡುವಂತೆಯೇ ಇಲ್ಲ. ಈ ನಿಷೇಧ 1907ರಷ್ಟು ಹಳೆಯದು. ಅಭ್ಯರ್ಥಿ ತನ್ನ ದುಡ್ಡನ್ನು ಎಷ್ಟು ಬೇಕಾದರೂ ಸುರಿಯಬಹುದು, ಆದರೆ ಲೆಕ್ಕ ಬಹಿರಂಗವಾಗಿ ಕೊಡಬೇಕು. (ಅಲ್ಲಿರುವ ನಮ್ಮವರಿಗೆ ಒಂದು ಮಾತು: ಎಚ್-1ಬಿ ವೀಸಾದಲ್ಲಿದ್ದರೆ ದೇಣಿಗೆ ಕೊಡುವಂತಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಕೊಡಬಹುದು.)

ಇನ್ನು ದೇಣಿಗೆ ಅಂದರೇನು? ಪಕ್ಷದ ಖಾತೆಗೆ ಹಾಕಿದ ದುಡ್ಡು ಮಾತ್ರ ಅಲ್ಲ. ಚುನಾವಣೆಯ ಮೇಲೆ ಪ್ರಭಾವ ಬೀರುವ ಉದ್ದೇಶದಿಂದ ಕೊಟ್ಟ ಬೆಲೆಬಾಳುವ ಯಾವುದೇ ವಸ್ತು ದೇಣಿಗೆಯೇ. ಅಭ್ಯರ್ಥಿಯ ಜೊತೆ ಮಾತಾಡಿಕೊಂಡು ಬೇರೆಯವರು ಮಾಡಿದ ಖರ್ಚೂ ಅದರಲ್ಲೇ ಸೇರುತ್ತದೆ. ಹಾಗೆ ನೋಡಿದರೆ ಕೊಹೆನ್ ಕೊಟ್ಟ 1,30,000 ಡಾಲರ್ ಮಿತಿಗಿಂತ 48 ಪಟ್ಟು ಜಾಸ್ತಿ.

ಎಲ್ಲವೂ ನಿಂತಿರುವುದು “ಉದ್ದೇಶ” ಎಂಬ ಒಂದು ಪದದ ಮೇಲೆ. ಚುನಾವಣೆಗೆ ನಿಲ್ಲದಿದ್ದರೂ ಈ ಖರ್ಚು ಆಗುತ್ತಿತ್ತಾ? ಹೆಂಡತಿಗೆ ಗೊತ್ತಾಗಬಾರದು, ಮನೆ ಮುರಿಯಬಾರದು ಎಂದು ಕೊಟ್ಟಿದ್ದರೆ ಅದು ಸ್ವಂತ ಖರ್ಚು. ಮತದಾರರಿಗೆ ಗೊತ್ತಾಗಬಾರದು ಎಂದು ಕೊಟ್ಟಿದ್ದರೆ ಚುನಾವಣೆಯ ಖರ್ಚು. ಎರಡೂ ಕಾರಣ ಒಟ್ಟಿಗೆ ಇರಬಹುದು, ಅಲ್ವಾ? ಕಷ್ಟ ಇರುವುದೇ ಅಲ್ಲಿ.

ಟ್ರಂಪ್ ಅವರ ಹಳೆಯ ಪ್ರಚಾರ ವಕ್ತಾರೆ ಹೋಪ್ ಹಿಕ್ಸ್ ಅವರ ಸಾಕ್ಷ್ಯ ನೋಡಿ. ಈ ಸುದ್ದಿ ಚುನಾವಣೆಗೆ ಮುಂಚೆ ಬಂದಿದ್ದರೆ ಕೆಟ್ಟದಾಗುತ್ತಿತ್ತು ಎಂದು ಟ್ರಂಪ್ ತನ್ನ ಬಳಿ ಹೇಳಿದ್ದಾಗಿ ಅವರು ಕೋರ್ಟಿಗೆ ತಿಳಿಸಿದರು. ಇದು ಸರ್ಕಾರಿ ವಕೀಲರಿಗೆ ಬಲ. ಇನ್ನೊಬ್ಬ ಮಹಿಳೆಯ ಸುದ್ದಿ ಬಂದಾಗ, ಆ ದಿನ ಮನೆಗೆ ಪತ್ರಿಕೆ ಬಾರದಂತೆ ನೋಡಿಕೊಳ್ಳಲು ಟ್ರಂಪ್ ಹೇಳಿದ್ದರು ಎಂದೂ ಅದೇ ಸಾಕ್ಷಿ ಹೇಳಿದರು. ಇದು ಟ್ರಂಪ್ ವಕೀಲರಿಗೆ ಬಲ.

ಜಾನ್ ಎಡ್ವರ್ಡ್ಸ್ ಕೇಸನ್ನೂ ಇದರ ಪಕ್ಕ ಇಟ್ಟು ನೋಡಬೇಕು. ಅವರು 2008ರ ಅಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಬಯಸಿದ್ದವರು. ಅವರಿಂದ ಗರ್ಭಿಣಿಯಾಗಿದ್ದ ಮಹಿಳೆಯನ್ನು ಮರೆಯಲ್ಲಿಡಲು ಇಬ್ಬರು ಶ್ರೀಮಂತ ಬೆಂಬಲಿಗರು ಸುಮಾರು 10 ಲಕ್ಷ ಡಾಲರ್ ಖರ್ಚು ಮಾಡಿದ್ದರು. 2012ರಲ್ಲಿ ಜ್ಯೂರಿ ಒಂದು ಆರೋಪದಲ್ಲಿ ಅವರನ್ನು ಬಿಟ್ಟಿತು. ಉಳಿದ ಐದರಲ್ಲಿ ಒಮ್ಮತಕ್ಕೇ ಬರಲಿಲ್ಲ. ಸರ್ಕಾರ ಕೇಸು ಕೈಬಿಟ್ಟಿತು. “ಉದ್ದೇಶ” ಸಾಬೀತು ಮಾಡುವುದು ಎಷ್ಟು ಕಷ್ಟ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಟ್ರಂಪ್ ಕೇಸಿನಲ್ಲಿ ಪತ್ರಿಕೆಯೊಂದರ ಪಾತ್ರವೂ ಇದೆ. ‘ನ್ಯಾಷನಲ್ ಎನ್‌ಕ್ವೈರರ್’ ಪತ್ರಿಕೆಯ ಒಡೆಯನಾಗಿದ್ದ ಎಎಮ್‌ಐ ಕಂಪನಿ, ಟ್ರಂಪ್ ಜೊತೆ ಸಂಬಂಧವಿತ್ತು ಎಂದಿದ್ದ ರೂಪದರ್ಶಿ ಕ್ಯಾರೆನ್ ಮೆಕ್‌ಡೌಗಲ್ ಅವರ ಕಥೆಯನ್ನು 1,50,000 ಡಾಲರ್‌ಗೆ ಕೊಂಡಿತು. ಕೊಂಡಿದ್ದು ಅಚ್ಚು ಹಾಕಲಿಕ್ಕಲ್ಲ, ಹೂತುಹಾಕಲಿಕ್ಕೆ. ಆ ಕಸುಬಿನವರು ಇದನ್ನು ‘ಕ್ಯಾಚ್ ಅಂಡ್ ಕಿಲ್’ ಎನ್ನುತ್ತಾರೆ. ಓದುಗರನ್ನು ನಂಬಿ ಬದುಕುವ ಪತ್ರಿಕೆ ಅದೇ ಓದುಗರಿಂದ ಸುದ್ದಿ ಮುಚ್ಚಿಡಲು ದುಡ್ಡು ಕೊಡುವುದು ನನಗೆ ತುಂಬಾ ನೋವಿನ ಸಂಗತಿ. ಇದು ಕಂಪನಿ ಕೊಟ್ಟ ಅಕ್ರಮ ದೇಣಿಗೆ ಎಂದು ಚುನಾವಣಾ ಆಯೋಗ 2021ರಲ್ಲಿ ಆ ಸಂಸ್ಥೆಗೆ 1,87,500 ಡಾಲರ್ ದಂಡ ಹಾಕಿತು.

ಹೆಜ್ಜೆ 4: ಲೆಕ್ಕದ ಪುಸ್ತಕದಲ್ಲಿ ಏನೆಂದು ಬರೆದರು?

ಈಗ ಆ 34 ಬರುತ್ತದೆ. ಕೊಹೆನ್‌ಗೆ ದುಡ್ಡು ವಾಪಸ್ ಕೊಡಬೇಕಿತ್ತಲ್ಲ, ಅದರ ಲೆಕ್ಕ ಹೀಗಿತ್ತು. 1,30,000ಕ್ಕೆ ಬೇರೊಂದು ಬಾಕಿ 50,000 ಸೇರಿಸಿ 1,80,000. ಅದನ್ನು ಕೊಹೆನ್‌ರ ಆದಾಯವೆಂದು ತೋರಿಸಿದರೆ ಅವರು ತೆರಿಗೆ ಕಟ್ಟಬೇಕು. ಅದಕ್ಕೇ ಎರಡು ಪಟ್ಟು ಮಾಡಿ 3,60,000. ಮೇಲೆ ಬೋನಸ್ 60,000. ಒಟ್ಟು 4,20,000 ಡಾಲರ್, ತಿಂಗಳಿಗೆ 35,000ದಂತೆ 2017ರ ಇಡೀ ವರ್ಷ.

ಸಾಲ ತೀರಿಸುವಾಗ ಯಾರಾದರೂ ಎರಡು ಪಟ್ಟು ಕೊಡುತ್ತಾರಾ? ಅತ್ತೆ ಕೂಡ ಇಲ್ಲಿಗೆ ಬಂದಾಗ ಸುಮ್ಮನಾದರು. ಪುಸ್ತಕದಲ್ಲಿ ಬರೆದಿದ್ದು “ಕಾನೂನು ವೆಚ್ಚ” ಎಂದು. 11 ಬಿಲ್, 11 ಚೆಕ್, 12 ಲೆಡ್ಜರ್ ನಮೂದು. ಕೂಡಿಸಿ, 34. ಪ್ರತಿಯೊಂದು ಕಾಗದಕ್ಕೂ ಒಂದೊಂದು ಆರೋಪ. ವಕೀಲರಿಗೆ ಕೊಟ್ಟ ದುಡ್ಡನ್ನು ಕಾನೂನು ವೆಚ್ಚ ಎನ್ನದೆ ಇನ್ನೇನು ಎನ್ನಬೇಕು ಎಂಬುದು ಟ್ರಂಪ್ ಕಡೆಯ ವಾದ. ಜ್ಯೂರಿ ಒಪ್ಪಲಿಲ್ಲ.

ಹೆಜ್ಜೆ 5: ಯಾವ ಕಾನೂನು, ಯಾವ ಕೋರ್ಟು?

ದೇಣಿಗೆ ಕಾನೂನು ಕೇಂದ್ರದ್ದು. ಟ್ರಂಪ್ ವಿಚಾರಣೆ ನಡೆದಿದ್ದು ನ್ಯೂಯಾರ್ಕ್ ರಾಜ್ಯದ ಕೋರ್ಟಿನಲ್ಲಿ. ಆ ರಾಜ್ಯದಲ್ಲಿ ವ್ಯವಹಾರದ ಸುಳ್ಳು ದಾಖಲೆ ಬರೆಯುವುದು ಸಣ್ಣ ಅಪರಾಧ. ಇನ್ನೊಂದು ಅಪರಾಧ ಮಾಡಲು ಅಥವಾ ಮುಚ್ಚಲು ಬರೆದಿದ್ದರೆ ಅದೇ ದೊಡ್ಡ ಅಪರಾಧ. ಅಕ್ರಮ ದಾರಿಯಿಂದ ಒಬ್ಬರನ್ನು ಗೆಲ್ಲಿಸಲು ಸಂಚು ಮಾಡುವುದು ಆ “ಇನ್ನೊಂದು ಅಪರಾಧ”. ಆ ಅಕ್ರಮ ದಾರಿಗಳಲ್ಲಿ ಒಂದು ದೇಣಿಗೆ ಕಾನೂನನ್ನು ಮುರಿದಿದ್ದು. ಹಾಗಾಗಿ “ಟ್ರಂಪ್‌ಗೆ ದೇಣಿಗೆ ಕಾನೂನಿನಡಿ ಶಿಕ್ಷೆಯಾಯಿತು” ಎಂದು ಯಾರಾದರೂ ಬರೆದರೆ ಅದು ತಪ್ಪು. ಆ ಕಾನೂನಿನಡಿ ತಪ್ಪೊಪ್ಪಿಕೊಂಡವರು ಕೊಹೆನ್, 2018ರ ಆಗಸ್ಟ್‌ನಲ್ಲಿ. ತೆರಿಗೆ ವಂಚನೆಯಂಥ ಬೇರೆ ಅಪರಾಧಗಳೂ ಸೇರಿ ಅವರಿಗೆ 3 ವರ್ಷ ಜೈಲು ಶಿಕ್ಷೆಯಾಯಿತು.

ಚುನಾವಣಾ ಆಯೋಗ ಟ್ರಂಪ್ ವಿಷಯದಲ್ಲಿ ಏನು ಮಾಡಿತು? ಅಲ್ಲಿ ಆರು ಸದಸ್ಯರು, ಒಂದೇ ಪಕ್ಷದವರು ಮೂವರಿಗಿಂತ ಹೆಚ್ಚು ಇರುವಂತಿಲ್ಲ. ಹೆಜ್ಜೆ ಇಡಲು ನಾಲ್ಕು ಮತ ಬೇಕು. ಆಯೋಗದ ವಕೀಲರೇ ಮುಂದುವರಿಯಲು ಶಿಫಾರಸು ಮಾಡಿದ್ದರು. 2021ರಲ್ಲಿ ಮತ 2-2 ಆಗಿ ಕಡತ ಮುಚ್ಚಿತು. ನ್ಯೂಯಾರ್ಕ್ ಕೋರ್ಟು 2025ರ ಜನವರಿ 10ರಂದು, ಅಂದರೆ ಟ್ರಂಪ್ ಎರಡನೇ ಸಲ ಅಧಿಕಾರ ವಹಿಸಿಕೊಳ್ಳುವ 10 ದಿನ ಮುಂಚೆ, ತೀರ್ಪನ್ನು ಉಳಿಸಿಕೊಂಡು ಜೈಲು, ದಂಡ ಯಾವುದೂ ಇಲ್ಲದೆ ಅವರನ್ನು ಬಿಟ್ಟಿತು. ತೀರ್ಪಿನ ವಿರುದ್ಧ ಅವರು ಮೇಲ್ಮನವಿ ಸಲ್ಲಿಸಿದ್ದಾರೆ.

ಹೆಜ್ಜೆ 6: ನೀವೇ ಹುಡುಕಿ ನೋಡಿ

ಅಮೆರಿಕದ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಅಭ್ಯರ್ಥಿಗಳ ಲೆಕ್ಕ ಎಲ್ಲರಿಗೂ ತೆರೆದಿದೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ಬೆಂಗಳೂರಿನಲ್ಲಿ ಕೂತೇ ನೋಡಬಹುದು. ಯಾವ ಊರಿನ ಯಾರು ಎಷ್ಟು ಕೊಟ್ಟರು, ಪ್ರಚಾರ ಸಮಿತಿ ವಿಮಾನಕ್ಕೆ, ಟೋಪಿಗೆ, ಜಾಹೀರಾತಿಗೆ ಎಷ್ಟು ಖರ್ಚು ಮಾಡಿತು, ಎಲ್ಲ ಸಾಲುಸಾಲಾಗಿ ಸಿಗುತ್ತದೆ. ಟ್ರಂಪ್ ಪ್ರಚಾರ ಸಮಿತಿಯ 2016ರ ಲೆಕ್ಕ ತೆಗೆದು ಅಕ್ಟೋಬರ್ 27ಕ್ಕೆ ಬನ್ನಿ. ಸ್ಟಾರ್ಮಿ ಡೇನಿಯಲ್ಸ್‌ಗೆ ಕೊಟ್ಟ 1,30,000 ಡಾಲರ್‌ನ ಸಾಲು ಅಲ್ಲಿ ಇಲ್ಲ.