ಗೋಣಿಚೀಲ ಕಲಿಸಿದ ವೇಗ

ಆರು ವರ್ಷದಿಂದ ನನ್ನ ಕಾರಿಗೆ ಒಂದು ಮೊಲವೂ ಸಿಕ್ಕಿಲ್ಲ. ವಾರಕ್ಕೆ ನಾಲ್ಕು ರಾತ್ರಿ, ಕಾಡಂಚಿನ 40 ಕಿಲೋಮೀಟರ್ ದಾರಿ, ನಿಧಾನಕ್ಕೆ. "ಎತ್ತಿನ ಗಾಡಿ ಬಂತು" ಎಂದು ನಕ್ಕವರಲ್ಲಿ ಇಬ್ಬರ ಬಂಪರ್ ಈ ನಡುವೆ ಬದಲಾಗಿದೆ. ಹೇಳಬಾರದು, ಆದರೂ ಹೇಳಿಬಿಟ್ಟೆ.

ಮೊದಲು ನಾನೂ 80ರಲ್ಲೇ ಹೋಗುತ್ತಿದ್ದವನು. ಒಂದು ಮುಸ್ಸಂಜೆ ಜಿಂಕೆಯೊಂದು ದಾಟಿತು. ಬಚಾವಾದೆ ಅಂತ ಆಕ್ಸಲರೇಟರ್ ಒತ್ತಿದೆ. ಹಿಂದೆಯೇ ಎರಡನೆಯದು ಬಂತು. ರೇಡಿಯೇಟರ್, ಬಾನೆಟ್, ಒಂದು ಹೆಡ್‌ಲೈಟ್ ಸೇರಿ ಹೆಚ್ಚುಕಮ್ಮಿ ಎರಡು ತಿಂಗಳ ಸಂಬಳ ಹೋಯಿತು. ಆ ಜಿಂಕೆ ರಸ್ತೆ ಬದಿಯಲ್ಲಿ ಕಾಲು ಬಡಿಯುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಮೇಲೆ ಬಂಪರಿಗೆ ಅಂಟಿಸುವ ಸೀಟಿ ತಂದೆ. ಗಾಳಿಗೆ ತಾನೇ ಊದಿಕೊಂಡು ಪ್ರಾಣಿಗಳನ್ನು ಓಡಿಸುತ್ತದಂತೆ. ಮೇಯುತ್ತಿದ್ದ ಜಿಂಕೆಗಳ ಮುಂದೆ ಹತ್ತಿಪ್ಪತ್ತು ಸಲ ಹಾದೆ. ಒಂದೂ ತಲೆ ಎತ್ತಲಿಲ್ಲ. ದುಡ್ಡು ದಂಡ. ಪ್ರಖರ ಬಲ್ಬ್ ಹಾಕಿಸಿದ್ದಕ್ಕೆ ಎದುರಿನವರ ಬೈಗುಳ ಬಂದದ್ದೇ ಲಾಭ.

ಕೊನೆಗೆ ಕೆಲಸಕ್ಕೆ ಬಂದದ್ದು ಗೋಣಿಚೀಲ. ಹುಲ್ಲು ತುಂಬಿ ಖಾಲಿ ದಾರಿಯ ಅಂಚಿಗೆ ನಿಲ್ಲಿಸಿದೆ. ಡಿಮ್ ಲೈಟಲ್ಲಿ ನಿಧಾನವಾಗಿ ಬಂದು, ಅದು ಕಂಡ ಜಾಗದಿಂದ ಹೆಜ್ಜೆ ಎಣಿಸಿದೆ. 45 ಮೀಟರ್ ಇರಬಹುದು. 80ರಲ್ಲಿ ಕಾಲು ಬ್ರೇಕಿಗೆ ಹೋಗಿ ಗಾಡಿ ನಿಲ್ಲುವಷ್ಟರಲ್ಲಿ 70 ಮೀಟರ್ ಆಗಿರುತ್ತದೆ. 60ರಲ್ಲಿ ಸುಮಾರು 45. ಲೆಕ್ಕ ಅಲ್ಲಿಗೇ ಮುಗೀತು ಅಲ್ವಾ? ಡಿಮ್‌ನಲ್ಲಿ 50, ಹೈಬೀಮ್ ಇದ್ದರೆ 60. ತಡ ಆಗುವುದು ಹೆಚ್ಚೆಂದರೆ ಹದಿನೆಂಟು ನಿಮಿಷ. ಪೆಟ್ರೋಲ್ ಉಳಿಯುವುದು ಬೇರೆ.

ಕಣ್ಣು ಹೊಳೆಯುವುದನ್ನೇ ನಂಬಿಕೊಂಡು ಕೂರಬೇಡಿ. ಜಿಂಕೆಯದು ಹೊಳೆಯುತ್ತದೆ, ಹಂದಿಯದು ಹೊಳೆಯುವುದಿಲ್ಲ. ಮೈಯೂ ಕಪ್ಪು. ಇದು ಗೊತ್ತಾದದ್ದು ಹಂದಿ ಹಿಂಡಿನ ಮುಂದೆ ಎರಡು ಮಾರು ದೂರದಲ್ಲಿ ಗಾಡಿ ನಿಂತಾಗ. ಅವತ್ತು 50ರಲ್ಲಿದ್ದೆ. ಸ್ಟೇರಿಂಗ್ ತಿರುಗಿಸದೆ ನೇರವಾಗಿ ಬ್ರೇಕ್ ಒತ್ತಿದೆ. ತಿರುಗಿಸಿದ್ದರೆ ಪಕ್ಕದಲ್ಲಿ ಮರ ಕಾದಿತ್ತು.

ಮೊಲದ್ದು ಬೇರೆಯೇ ಕಥೆ. ಬೆಳಕಿನೊಳಗೇ ಸುಮ್ನೆ ಮುಂದೆ ಮುಂದೆ ಓಡುತ್ತದೆ. ಹಿಂದೆ ಯಾರೂ ಇಲ್ಲದಿದ್ದರೆ ನಿಲ್ಲಿಸಿ, ಒಂದು ಕ್ಷಣ ಪಾರ್ಕಿಂಗ್ ಲೈಟ್ ಮಾತ್ರ ಉಳಿಸುತ್ತೇನೆ. ತಾನೇ ಬದಿಗೆ ಸರಿಯುತ್ತದೆ.

ದಾರಿ ಚೆನ್ನಾಗಿ ಕಾಣಲಿ ಅಂತ ಮುಂದಿನ ಗಾಜಿನ ಒಳಮೈಯನ್ನು ಪ್ರತಿ ಸಂಜೆ ಒರೆಸುತ್ತೇನೆ. ಏನು ಹಾಕಿ ಒರೆಸುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಒಂದು ಪ್ರಾಣಿ ದಾಟಿದರೆ ಈಗ ನಿಂತಲ್ಲೇ ಹತ್ತು ಎಣಿಸುತ್ತೇನೆ. ಮೊನ್ನೆ ಏಳಕ್ಕೆ ಮರಿ ಬಂತು.