ಲಾರಿ ನಿಂತಾಗ ಹಸಿ ದ್ರಾಕ್ಷಿಯನ್ನು ಒಣದ್ರಾಕ್ಷಿಯಾಗಿ ಉಳಿಸಿಕೊಳ್ಳುವ ಕ್ರಮ

2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದಾಗ ವಿಜಯಪುರ ಜಿಲ್ಲೆಯ ತೋಟಗಳಲ್ಲಿ ದ್ರಾಕ್ಷಿ ಕೊಯ್ಲಿನ ಹಂಗಾಮು ನಡೆದಿತ್ತು. ಕೊಳ್ಳುವವರು ಬಾರದೆ, ಹಸಿಯಾಗಿ ಮಾರಲು ಬೆಳೆದ ಹಣ್ಣನ್ನೂ ಅನೇಕರು ಒಣಗಿಸಬೇಕಾಯಿತು. ಅಂಥ ಸಂದರ್ಭ ಮತ್ತೆ ಬಂದರೆ ವ್ಯಾಪಾರಿಯ ಫೋನಿಗೆ ಕಾಯುತ್ತ ಕೂಡದೆ, ಶೆಡ್ಡಿನ ರ್ಯಾಕು ಎಷ್ಟು ಮಾಲು ಹಿಡಿಯುತ್ತದೆಂದು ಮೊದಲು ಲೆಕ್ಕ ಹಾಕಬೇಕು.

ಕೊಯ್ಯುವ ಮುನ್ನ ಔಷಧ ಸಿಂಪಡಿಸಿದ ದಿನಾಂಕಗಳನ್ನು ನೋಡಿ, ಲೇಬಲ್ಲಿನಲ್ಲಿ ಬರೆದಷ್ಟು ದಿನ ಕಳೆದಿವೆಯೇ ಎಂದು ಖಚಿತಪಡಿಸಿಕೊಳ್ಳಿ. ಸುಮಾರು 4 ಕಿಲೊ ಹಸಿ ಹಣ್ಣು ಒಣಗಿ 1 ಕಿಲೊ ಆಗುವುದರಿಂದ, ಹಣ್ಣಿನಲ್ಲಿ ಉಳಿದ ಔಷಧದ ಅಂಶವೂ ಸಾಂದ್ರವಾಗಬಲ್ಲದು. ಸಕ್ಕರೆಯ ಅಂಶ 22 ಬ್ರಿಕ್ಸ್ (ರಸದ ಸಿಹಿ ಅಳೆಯುವ ಮಾನ) ಮುಟ್ಟದ ಹಣ್ಣನ್ನು ಅವಸರದಿಂದ ಕೊಯ್ದರೆ ತೂಕ ಬರುವುದಿಲ್ಲ.

ಶುದ್ಧ ನೀರಿನಲ್ಲಿ ತೊಳೆದ ಗೊನೆಗಳನ್ನು, ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು 15 ಮಿ.ಲೀ. ಡಿಪ್ಪಿಂಗ್ ಆಯಿಲ್ (ದ್ರಾಕ್ಷಿ ಅದ್ದಲೆಂದೇ ಮಾರುವ ಎಣ್ಣೆ) ಬೆರೆಸಿದ ದ್ರಾವಣದಲ್ಲಿ 2ರಿಂದ 4 ನಿಮಿಷ ಅದ್ದಿ, ನೀರು ಬಸಿದ ಮೇಲೆ ನೆರಳಿನ ರ್ಯಾಕಿನಲ್ಲಿ ಒಂದೇ ಪದರವಾಗಿ ಹರಡಬೇಕು. ಈ ದ್ರಾವಣ ಕಾಳಿನ ಮೇಲಿನ ಮೇಣವನ್ನು ಸಡಿಲಿಸಿ ತೇವ ಬೇಗ ಹೊರಹೋಗಲು ದಾರಿ ಮಾಡುತ್ತದೆ. ಗಾಳಿ ಚೆನ್ನಾಗಿ ಆಡಿದರೆ ಎರಡು ವಾರದ ಆಸುಪಾಸಿನಲ್ಲಿ ತೇವಾಂಶ ಶೇಕಡ 15ಕ್ಕೆ ಇಳಿಯುತ್ತದೆ. ಒಂದು ಮುಷ್ಟಿ ಹಿಡಿದು ಒತ್ತಿ ಬಿಟ್ಟಾಗ ಕಾಳುಗಳು ಮುದ್ದೆಯಾಗದೆ ಬೇರೆಬೇರೆಯಾಗಬೇಕು.

ಕೊರೊನಾ ಆಹಾರದಿಂದ ಹರಡಿದ್ದಕ್ಕೆ ಪುರಾವೆಯಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಆಗಲೇ ತಿಳಿಸಿತ್ತು. ಆದ್ದರಿಂದ ಹಣ್ಣಿಗೆ ಸ್ಯಾನಿಟೈಸರ್ ಅಥವಾ ಸೋಪಿನ ನೀರು ಹೊಡೆಯುವುದು ಶುದ್ಧ ಅವಿವೇಕ. ಕ್ರೇಟುಗಳನ್ನು ತೊಳೆದು ಒಣಗಿಸಿದರೆ ಸಾಕು. ಅಪಾಯವಿರುವುದು ಹೆಗಲಿಗೆ ಹೆಗಲು ತಾಗಿಸಿ ಕುಳಿತು ಕಡ್ಡಿ ಬಿಡಿಸುವ ಜಾಗದಲ್ಲಿ. ಅಲ್ಲಿ ಅಂತರ, ಮಾಸ್ಕು, ಕೈ ತೊಳೆಯಲು ನೀರು ಇರಲಿ; ಜ್ವರ ಬಂದವರಿಗೆ ಆ ದಿನದ ಕೂಲಿ ಕೊಟ್ಟೇ ಮನೆಗೆ ಕಳಿಸಿ, ಏಕೆಂದರೆ ಕೂಲಿ ಹೋದೀತೆಂದು ಅಂಜಿದವರು ಜ್ವರವನ್ನು ಮುಚ್ಚಿಡುತ್ತಾರೆ.

ಮಹಾರಾಷ್ಟ್ರದ ತಾಸಗಾಂವ, ಸಾಂಗ್ಲಿ ಪೇಟೆಗೆ ಒಯ್ಯುವವರು ರಾಜ್ಯದ ಗಡಿಯಲ್ಲಿ ಯಾವ ಕಾಗದ ಬೇಕೆಂದು ಮಾಲು ತುಂಬುವ ಮೊದಲೇ ವಿಚಾರಿಸಬೇಕು. ದರ ಬಿದ್ದಿದ್ದರೆ ದಲ್ಲಾಳಿಯ ಅಡತಿ ಅಂಗಡಿಗೆ ಉದ್ರಿ ಕೊಡುವುದಕ್ಕಿಂತ ಶೀತಲಗೃಹದಲ್ಲಿ ಇಡುವುದು ಲೇಸು. ಪೆಟ್ಟಿಗೆಗಳ ಸಂಖ್ಯೆ, ತೂಕ, ದರ್ಜೆ ನಮೂದಿಸಿದ ರಸೀದಿಯನ್ನು ಅಂದೇ ಪಡೆದು, ಅದರ ಮೇಲೆ ಅಡಮಾನ ಸಾಲ ದೊರೆಯುವುದೇ ಎಂದು ಬ್ಯಾಂಕಿನಲ್ಲಿ ಕೇಳಿ, ತಿಂಗಳ ಬಾಡಿಗೆಯನ್ನೂ ಬಡ್ಡಿಯನ್ನೂ ಕೂಡಿಸಿದ ಮೇಲೆಯೇ ಎಷ್ಟು ದಿನ ಕಾಯಬಹುದೆಂದು ನಿರ್ಧರಿಸಿ.